ಏಳು ಮನೆಯ ಊಟ, ಒಂದು ಬಿ.ಎ.

ನಮ್ಮ ತಾತ ಬರೀ ತಲೆಯನ್ನು ನಂಬಿಕೊಂಡು ಮೈಸೂರಿಗೆ ಬಂದವರು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಮದುವೆ, ಮುಂಜಿ, ತಿಥಿ, ಯಾವುದಕ್ಕೆ ಸೇರಿದರೂ ಊಟವಾದ ಮೇಲೆ ಎಲೆ ಅಡಿಕೆ ತಟ್ಟೆಯ ಸುತ್ತ ಈ ಮಾತು ಒಂದು ಸಲ ಬಂದೇ ಬರುತ್ತದೆ. ನಾಗಮಂಗಲದ ಕಡೆಯ ಹಳ್ಳಿ, ಚಿಕ್ಕಂದಿನಲ್ಲೇ ತಂದೆ ಹೋಗಿದ್ದರು, ಕೈಯಲ್ಲಿ ಕಾಸಿಲ್ಲ. ಆದರೂ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮಾಡಿ, ರೆವಿನ್ಯೂ ಇಲಾಖೆ ಸೇರಿ, ಅಮಲ್ದಾರರಾಗಿ ನಿವೃತ್ತರಾದರು. ಕಥೆ ಮುಗಿದ ಮೇಲೆ ಈಗಿನ ಕಾಲದ ಮೀಸಲಾತಿಯ ಬಗ್ಗೆ ಯಾರಾದರೊಬ್ಬರು ಒಂದು ಮಾತು ಸೇರಿಸುವುದೂ ರೂಢಿ.

ತಾತನ ತಲೆಯ ಬಗ್ಗೆ ನನಗೆ ತಕರಾರಿಲ್ಲ. ಎಂಬತ್ತು ದಾಟಿದ ಮೇಲೂ ಮಗ್ಗಿ ಲೆಕ್ಕದಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದರು. ಆದರೆ ಈ ಕಥೆಯಲ್ಲಿ ಏಳು ಮನೆಗಳು ಬಿಟ್ಟುಹೋಗಿವೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಹೊಟ್ಟೆ ಹೊರೆದವಳು ನಾನು. ಬಿಟ್ಟುಹೋದದ್ದನ್ನು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ.

ಆ ಏಳು ಮನೆಗಳು ವಾರಾನ್ನದ ಮನೆಗಳು. ಊರಿಗೆ ಹೊಸದಾಗಿ ಬಂದ ಹುಡುಗ ಯಾರಾದರೂ ಪರಿಚಯದವರ ಹೆಸರು ಹೇಳಿಕೊಂಡು ಅಗ್ರಹಾರದ ಬೀದಿಗಳಲ್ಲಿ ಮನೆಮನೆ ತಿರುಗುತ್ತಿದ್ದ. ಒಂದು ಮನೆಯವರು ಸೋಮವಾರ ಬಾ ಎನ್ನುತ್ತಿದ್ದರು, ಇನ್ನೊಬ್ಬರು ಮಂಗಳವಾರ. ಏಳು ದಿನಕ್ಕೆ ಏಳು ಮನೆ ಕೂಡಿದರೆ ಅವನ ಓದು ನಿಂತಿತು ಎಂದು ಅರ್ಥ, ಅಂದರೆ ಗಟ್ಟಿಯಾಗಿ ನೆಲೆ ನಿಂತಿತು ಎಂದು. ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ಯಾವುದಾದರೂ ದೇವಸ್ಥಾನದ ಪ್ರಸಾದ, ಇಲ್ಲವೇ ಏಕಾದಶಿ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ತನ್ನ ತಂಬಿಗೆ ತಾನೇ ಹಿಡಿದುಕೊಂಡು, ಸ್ಕೂಲಿನ ಹೊತ್ತಿಗೆ ಮುಂಚೆ ಹೋಗಿ ನಡುಮನೆಯ ಮೂಲೆಯಲ್ಲಿ ಕೂರಬೇಕು. ಆ ಮನೆಯಲ್ಲಿ ಮೈಲಿಗೆ, ಸೂತಕ ಏನಾದರೂ ಬಂದರೆ ಅವತ್ತು ಊಟ ತಪ್ಪಿತು. ಮನೆಯೊಡತಿ ತವರಿಗೆ ಹೋದರೂ ಅಷ್ಟೆ. ಇದಕ್ಕೆ ಪ್ರತಿಯಾಗಿ ಬಾವಿಯಿಂದ ನೀರು ಸೇದುವುದು, ಹೂವು ಕೊಯ್ದು ಕೊಡುವುದು, ಮನೆಯ ಸಣ್ಣ ಮಕ್ಕಳಿಗೆ ಪಾಠ ಹೇಳುವುದು ಇರುತ್ತಿತ್ತು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಹುಡುಗರು ತಾವಾಗಿ ತಿಳಿದು ಮಾಡುತ್ತಿದ್ದರು.

ತಾತನ ಗುರುವಾರದ ಮನೆಯ ಮಗಳೇ ನಮ್ಮಜ್ಜಿ. ಹಾಗಾಗಿ ಬಡಿಸುವವರ ಕಡೆಯ ಕಥೆಯೂ ನನಗೆ ಗೊತ್ತು. "ಎಲೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ ಕಣೇ. ಇನ್ನೊಂದಿಷ್ಟು ಹುಳಿ ಹಾಕಲೇನಪ್ಪಾ ಅಂದರೆ ಬೇಡ ಅನ್ನೋರು. ಹಸಿವಿದೆ ಅಂತ ನಮ್ಮಮ್ಮನಿಗೆ ಗೊತ್ತಾಗೋದು, ಕೇಳದೇ ಬಡಿಸಿಬಿಡೋಳು" ಎನ್ನುತ್ತಿದ್ದರು ಅಜ್ಜಿ. ಬುಧವಾರದ ಮನೆಯಾಕೆಗೆ ಕೈ ಬಿಗಿಯಂತೆ, ಮಜ್ಜಿಗೆಯಲ್ಲಿ ನೀರೇ ಹೆಚ್ಚಂತೆ. ಅದಕ್ಕೇ ಗುರುವಾರ ಹುಡುಗ ಸ್ವಲ್ಪ ಬೇಗನೆ ಬರುತ್ತಿದ್ದನಂತೆ. ತಾತ ಇದನ್ನು ಒಪ್ಪುತ್ತಿರಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದರು.

ಇನ್ನು ಆ ಹುಡುಗರು ಹಂಬಲಿಸಿ ಬರುತ್ತಿದ್ದ ಕಾಲೇಜಿನ ವಿಷಯ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆರಂಭಿಸಿದ ಇಂಗ್ಲಿಷ್ ಶಾಲೆ ಬೆಳೆಯುತ್ತಾ ಬೆಳೆಯುತ್ತಾ ಮಹಾರಾಜಾ ಕಾಲೇಜಾಯಿತು. ಬೆಂಗಳೂರಿನಲ್ಲಿ 1858ರ ಹೈಸ್ಕೂಲು ಸೆಂಟ್ರಲ್ ಕಾಲೇಜಾಯಿತು. ಎರಡಕ್ಕೂ ಪರೀಕ್ಷೆ ನಡೆಸುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಈ ದೇಶದಲ್ಲಿ ಸ್ಥಾಪನೆಯಾದ ಮೊದಲನೆಯದು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ರಾಧಾಕೃಷ್ಣನ್ ಅವರು 1918ರಿಂದ ಮೂರು ವರ್ಷ ತತ್ತ್ವಶಾಸ್ತ್ರ ಹೇಳಿದರು. ಹಿರಿಯಣ್ಣನವರಿದ್ದರು, ಬಿ.ಎಂ. ಶ್ರೀಕಂಠಯ್ಯನವರಿದ್ದರು. ಮಹಾರಾಜಾ ಕಾಲೇಜಿನ ಜೂನಿಯರ್ ಬಿ.ಎ. ಹಾಲಿನಲ್ಲಿ ಕೂತು ಬಂದೆ ಎಂದರೆ ಸಂಸ್ಥಾನದಲ್ಲಿ ಅದಕ್ಕೊಂದು ತೂಕವಿತ್ತು. ಬಿ.ಎ. ಆದವನಿಗೆ ಸರ್ಕಾರಿ ಕಚೇರಿಯ ಬಾಗಿಲು ತೆರೆದಂತೆ. ಅದಕ್ಕೂ ಮೇಲೆ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಆರಂಭಿಸಿದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದವನು ಅಸಿಸ್ಟೆಂಟ್ ಕಮಿಷನರ್.

ಈ ಪರೀಕ್ಷೆಗಳು ಕಟ್ಟುನಿಟ್ಟಾಗಿದ್ದವು. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಉತ್ತರ ತಿದ್ದುವವರಿಗೆ ಹುಡುಗನ ಮುಖ ಕಾಣಿಸುವುದಿಲ್ಲ. ಹಾಗಿದ್ದೂ 1918ರ ಹೊತ್ತಿಗೆ ಸಂಸ್ಥಾನದ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಬ್ರಾಹ್ಮಣರ ಕೈಯಲ್ಲಿತ್ತು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ.

ಇಲ್ಲಿ ಒಂದು ಹಳೆಯ ಜಗಳವನ್ನು ಹೇಳದೆ ಮುಂದೆ ಹೋಗಲಾರೆ, ಅಷ್ಟು ಸ್ವಾರಸ್ಯವಾಗಿದೆ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿ ಬಂದ ಮೇಲೆ ದಿವಾನರಾದ ರಂಗಾಚಾರ್ಲು, ಅವರ ನಂತರದ ಶೇಷಾದ್ರಿ ಅಯ್ಯರ್, ಇಬ್ಬರೂ ಮದ್ರಾಸ್ ಪ್ರಾಂತ್ಯದಿಂದ ಬಂದವರು. ಅವರ ಜೊತೆ ಮತ್ತು ಅವರ ಹಿಂದೆ ಆ ಕಡೆಯ ಅಧಿಕಾರಿಗಳು ಬಹಳ ಮಂದಿ ಬಂದರು. ಇಂಗ್ಲಿಷ್ ಚೆನ್ನಾಗಿ ಕಲಿತವರು, ಅನುಭವಸ್ಥರು, ಯೋಗ್ಯತೆಯಲ್ಲಿ ಮುಂದು ಎಂಬುದೇ ಅವರ ಪರ ವಾದ. ಮೈಸೂರಿನ ಬ್ರಾಹ್ಮಣರಿಗೆ ಇದನ್ನು ಸಹಿಸಲಾಗಲಿಲ್ಲ. ಮದ್ರಾಸಿನಲ್ಲಿ ಒಳ್ಳೆಯ ಕಾಲೇಜುಗಳು ಮೊದಲೇ ಇದ್ದವು, ನಮಗೆ ಇರಲಿಲ್ಲ, ಆ ಪೈಪೋಟಿ ನ್ಯಾಯದ್ದಲ್ಲ, ಮೈಸೂರಿನ ಕೆಲಸ ಮೈಸೂರಿನವರಿಗೆ ಸಲ್ಲಬೇಕು ಎಂದು ಪತ್ರಿಕೆಗಳಲ್ಲಿ, ಸಭೆಗಳಲ್ಲಿ ವಾದಿಸಿದರು. ಒಳ್ಳೆಯ ವಾದ, ನಾನು ಒಪ್ಪುತ್ತೇನೆ. ಆದರೆ ಮುಂದೆ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಅದೇ ವಾದವನ್ನು ಅವರ ಮುಂದಿಟ್ಟಾಗ ಅವರಿಗೆ ಯೋಗ್ಯತೆ ನೆನಪಾಯಿತು.

ಆ ಬೇಡಿಕೆ ಇಟ್ಟದ್ದು 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ. ಅದರ ಬೆನ್ನಿಗೆ ನಿಂತವರಲ್ಲಿ ಮಹಾರಾಜಾ ಕಾಲೇಜಿನ ಸಿ.ಆರ್. ರೆಡ್ಡಿಯವರೂ ಒಬ್ಬರು. ಕೇಂಬ್ರಿಜ್‌ನಲ್ಲಿ ಓದಿ ಬಂದವರು, ಪರೀಕ್ಷೆಯಲ್ಲಿ ಯಾರಿಗೂ ಕಡಿಮೆ ಇಲ್ಲದವರು. 1918ರಲ್ಲಿ ನಿಯೋಗ ಮಹಾರಾಜರನ್ನು ಕಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ಮಿಲ್ಲರ್ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇಲ್ಲದಂತೆ ಬ್ರಾಹ್ಮಣೇತರರು ಬರಬೇಕು. 1921ರಲ್ಲಿ ಸರ್ಕಾರ ಅದನ್ನು ಒಪ್ಪಿತು.

ಅಷ್ಟರಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟಿದ್ದರು. ಹೀಗೆ ಹುದ್ದೆ ಹಂಚಿದರೆ ಆಡಳಿತದ ದಕ್ಷತೆ ಕೆಡುತ್ತದೆ, ಹಿಂದುಳಿದವರಿಗೆ ಶಾಲೆ ಕೊಡಿ, ವಿದ್ಯಾರ್ಥಿವೇತನ ಕೊಡಿ, ಹುದ್ದೆಯನ್ನು ಮಾತ್ರ ಯೋಗ್ಯತೆ ನೋಡಿ ಕೊಡಿ ಎಂಬುದು ಅವರ ನಿಲುವು. ಅವರನ್ನು ಈ ವಿಷಯದಲ್ಲಿ ಖಳನಾಯಕ ಮಾಡುವುದು ಈಗ ಸುಲಭವಾಗಿದೆ, ನನಗೆ ಅದು ರುಚಿಸುವುದಿಲ್ಲ. ಮುದ್ದೇನಹಳ್ಳಿಯ ಆ ಹುಡುಗ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಕೊಡಗಿನ ಒಂದು ಮನೆತನದ ಮಕ್ಕಳಿಗೆ ಮನೆಪಾಠ, ಹೀಗೆ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಮಾಡಿದರು. ಬಡತನವನ್ನು ಮೈಮೇಲೆ ಹೊತ್ತುಕೊಂಡು ಓದಿದವರಿಗೆ ಬಡತನ ಗೆಲ್ಲಲಾಗದ ವಸ್ತುವಲ್ಲ ಎನ್ನಿಸುವುದು ಸಹಜ. ಆದರೆ ಸೋದರಮಾವನಿಗೆ ಬೆಂಗಳೂರಿನಲ್ಲಿ ಮನೆ ಇತ್ತು. ಮಕ್ಕಳಿಗೆ ಪಾಠ ಹೇಳಲು ಈ ಹುಡುಗನನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಯಾರಿಗೂ ಅಡ್ಡಿ ಇರಲಿಲ್ಲ. ಒಬ್ಬ ಹೊಲೆಯರ ಹುಡುಗ, ಎಷ್ಟೇ ಚುರುಕಾಗಿರಲಿ, 1878ರಲ್ಲಿ ಅಂಥ ಮನೆಪಾಠದ ಕೆಲಸ ಹುಡುಕಿಕೊಂಡು ಹೊರಟಿದ್ದರೆ ಯಾವ ಜಗಲಿಯವರೆಗೆ ಹೋಗಬಹುದಿತ್ತು?

ನಮ್ಮ ತಾತನದೂ ಅದೇ ಲೆಕ್ಕ. ಅವರದು ಶಾನುಭೋಗರ ಮನೆ. ಅಪ್ಪ ಸತ್ತಾಗ ಉಳಿದದ್ದು ಸಾಲ, ನಿಜ. ಜೊತೆಗೆ ಕಡತಗಳು, ಕಂದಾಯದ ಪುಸ್ತಕಗಳು, ಅವನ್ನು ಓದಬಲ್ಲ ದೊಡ್ಡಪ್ಪನೂ ಉಳಿದಿದ್ದರು. ಐದನೇ ವರ್ಷಕ್ಕೆ ಅಕ್ಷರ, ಏಳಕ್ಕೆ ಮಗ್ಗಿ, ಎಂಟಕ್ಕೆ ಅಮರಕೋಶ. ಮೈಸೂರಿನಲ್ಲಿ ಯಾರ ಮನೆಯ ಬಾಗಿಲಲ್ಲಿ ನಿಂತರೂ ಗೋತ್ರ, ಸೂತ್ರ ಕೇಳಿ ಒಳಗೆ ಕರೆಯುತ್ತಿದ್ದರು. ಏಳು ಮನೆಯ ಊಟದಲ್ಲಿ ಒಂದು ರೂಪಾಯಿಯ ವ್ಯವಹಾರವಿಲ್ಲ, ಹಾಗಾಗಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಣವಿದ್ದವರಿಗೂ ಈ ಅನುಕೂಲ ತಾನಾಗಿ ಬರುತ್ತಿರಲಿಲ್ಲ ಎಂಬುದಕ್ಕೆ ಕುವೆಂಪು ಅವರನ್ನು ನೋಡಬೇಕು. ಕುಪ್ಪಳಿಯದು ಜಮೀನ್ದಾರರ ದೊಡ್ಡ ಮನೆ. ಊಟಕ್ಕೆ ಕೊರತೆ ಇದ್ದ ಮನೆತನವಲ್ಲ. ಆದರೆ ಮಲೆನಾಡಿನಿಂದ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲು, ಆಮೇಲೆ ಮಹಾರಾಜಾ ಕಾಲೇಜು ಸೇರಿದ ಒಕ್ಕಲಿಗರ ಹುಡುಗನಿಗೆ ಈ ಊರಿನಲ್ಲಿ ಕರೆದು ಎಲೆ ಹಾಕುವ ಏಳು ಮನೆ ಇರಲಿಲ್ಲ. ಕೋಣೆ ಮಾಡಿಕೊಂಡಿದ್ದರು, ಕಾಯಿಲೆ ಬಿದ್ದರು, ಕೊನೆಗೆ ರಾಮಕೃಷ್ಣಾಶ್ರಮದ ಸ್ವಾಮಿಗಳು ಕರೆದೊಯ್ದು ಆಶ್ರಮದಲ್ಲೇ ಇಟ್ಟುಕೊಂಡರು. 1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ. ಕುವೆಂಪು ಅವರ ಪ್ರತಿಭೆಗೆ ಆಶ್ರಮದ ಪ್ರಮಾಣಪತ್ರ ಬೇಕಿಲ್ಲ. ಆದರೆ ಆ ಪ್ರತಿಭೆ ಕಾಯಿಲೆಯಿಂದ ಎದ್ದು ಪರೀಕ್ಷೆಗೆ ಕೂರಲು ಒಂದು ಸೂರು ಬೇಕಾಗಿತ್ತು.

ಇನ್ನೊಂದು ಕಡೆ ಆರ್.ಕೆ. ನಾರಾಯಣ್. ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಹುಡುಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ. ಏನಾಯಿತು? ಒಂದು ವರ್ಷ ಮನೆಯಲ್ಲಿದ್ದು, ಪುಸ್ತಕ ಹಿಡಿದುಕೊಂಡು ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ ಮನಸಾರೆ ಓದಿದ. ಮತ್ತೆ ಪರೀಕ್ಷೆಗೆ ಕೂತು, ಕಾಲೇಜು ಸೇರಿ, ನಿಧಾನವಾಗಿ 1930ರಲ್ಲಿ ಬಿ.ಎ. ಮುಗಿಸಿದ. ಅಂಥ ಬರಹಗಾರ ನಮಗೆ ದಕ್ಕಿದ್ದು ನಮ್ಮ ಪುಣ್ಯ. ಆದರೆ ಫೇಲಾದ ಮೇಲೂ ಒಂದು ವರ್ಷ ಕೆರೆಯ ದಂಡೆಯಲ್ಲಿ ಕಾದಂಬರಿ ಓದಬಹುದಾದ ಹುಡುಗರು ಆಗಿನ ಮೈಸೂರಿನಲ್ಲಿ ಎಷ್ಟು ಜನ ಇದ್ದರು? ವಾರಾನ್ನದ ಹುಡುಗ ಒಮ್ಮೆ ಫೇಲಾದರೆ ಸೋಮವಾರದ ಮನೆಯವರೇ ಮುಖ ತಿರುಗಿಸುತ್ತಿದ್ದರು. ನಾಲೆ ಬಯಲಿನ ಒಕ್ಕಲಿನ ಹುಡುಗನಾದರೆ ಮಾರನೆಯ ದಿನವೇ ನೇಗಿಲ ಹಿಂದೆ. ಎರಡನೇ ಸಲ ಕೂರುವ ಅವಕಾಶ ಯಾರಿಗೆ ಇತ್ತು ಎಂದು ನೋಡಿದರೆ ಆ ಕಾಲೇಜಿನ ಬಗ್ಗೆ ಮಾರ್ಕ್ಸ್‌ಕಾರ್ಡು ಹೇಳದಿದ್ದದ್ದೂ ತಿಳಿಯುತ್ತದೆ.

ಬ್ರಾಹ್ಮಣೇತರರ ಮುಖಂಡರಿಗೆ ಇದು ಬಹಳ ಮೊದಲೇ ಗೊತ್ತಿತ್ತು. ಅವರು ಮೊದಲು ಕಟ್ಟಿದ್ದು ಹಾಸ್ಟೆಲುಗಳನ್ನು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲ್ವೆ ಸ್ಟೇಷನ್ನಿನ ಎದುರು 1903ರಲ್ಲಿ ಛತ್ರ ತೆರೆದು ವಿದ್ಯಾರ್ಥಿಗಳಿಗೂ ಜಾಗ ಕೊಟ್ಟರು. ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದ ಹುಡುಗ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಇದ್ದದ್ದು ಅಲ್ಲಿ. 1906ರಲ್ಲಿ ಒಕ್ಕಲಿಗರ ಸಂಘ, ಅದರ ಹಿಂದೆಯೇ ಅದರ ವಿದ್ಯಾರ್ಥಿನಿಲಯ. ಅದೇ 1906ರಲ್ಲಿ ಉತ್ತರದ ಕಡೆ ಶಿರಸಂಗಿಯ ಲಿಂಗರಾಜ ದೇಸಾಯರು ತೀರಿಕೊಂಡರು, ಶಿರಸಂಗಿ ಸಂಸ್ಥಾನದ ಇಡೀ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟು. ಆ ಟ್ರಸ್ಟಿನ ದುಡ್ಡಿನಲ್ಲಿ ಓದಿದವರು ಎಷ್ಟೋ ಮಂದಿ. ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ಮಾಡಿಸಿದರು.

ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳ ಕಾಲದಿಂದ ಮಕ್ಕಳಿಗೆ ಊಟ, ವಸತಿ ನಡೆದು ಬಂದಿದೆ. ಈಗ ಹತ್ತು ಸಾವಿರದ ಆಸುಪಾಸಿನ ಮಕ್ಕಳು, ಎಲ್ಲ ಜಾತಿಯವರೂ. ಶಿವಕುಮಾರ ಸ್ವಾಮಿಗಳು 1930ರಲ್ಲಿ ಮಠಕ್ಕೆ ಬಂದ ಮೇಲೆ ಹಳ್ಳಿ ಹಳ್ಳಿ ತಿರುಗಿ ಧಾನ್ಯ ತಂದು ಆ ಒಲೆ ಆರದಂತೆ ನೋಡಿಕೊಂಡರು. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ನಾನೂ ಅಲ್ಲಿ ಪಂಕ್ತಿಯಲ್ಲಿ ಕೂತಿದ್ದೆ. ಆಳೆತ್ತರದ ಕೊಪ್ಪರಿಗೆಗಳಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದು ಕೂತರು, ಪ್ರಾರ್ಥನೆ ಆಯಿತು, ಮುದ್ದೆ, ಸಾರು, ಅನ್ನ, ಮಜ್ಜಿಗೆ ಬಂತು. ನನ್ನ ಪಕ್ಕದ ಹುಡುಗ, ಐದನೇ ಕ್ಲಾಸಿರಬೇಕು, ಎರಡನೇ ಮುದ್ದೆಗೆ ಕೈ ನೀಡಿ ಕೇಳಿ ಹಾಕಿಸಿಕೊಂಡ. ಬಡಿಸುವವರು ಅವನ ಮುಖ ನೋಡಲಿಲ್ಲ, ತಟ್ಟೆ ನೋಡಿ ಇಟ್ಟು ಮುಂದೆ ಹೋದರು. ಇಲ್ಲಿ ಯಾರ ಮನೆಯ ಋಣವೂ ಇವನ ತಲೆಯ ಮೇಲಿಲ್ಲ ಎನ್ನಿಸಿ ನನಗೆ ಸಮಾಧಾನವಾಯಿತು.

ಹಾಸ್ಟೆಲುಗಳ ಕಥೆಯೂ ಪೂರ್ತಿ ಚೊಕ್ಕವಲ್ಲ. ಹೆಚ್ಚಿನವು ಜಾತಿಗೊಂದು. ಒಂದೊಂದು ಜಾತಿಯಲ್ಲೂ ಮೊದಲು ಒಳಗೆ ಬಂದವರು ಪಟೇಲರ, ಗೌಡರ, ಸಾಹುಕಾರರ ಮಕ್ಕಳು, ಕೂಲಿಯವರ ಮಕ್ಕಳಲ್ಲ. ದಲಿತರ ಮಕ್ಕಳಿಗೆ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರಂಥ ಕೆಲವರು ಹಾಸ್ಟೆಲು ನಡೆಸಿದರು. ತಮ್ಮವರಿಂದಲೇ ಬೈಸಿಕೊಂಡು ನಡೆಸಿದರು. ಎಷ್ಟೋ ದಶಕಗಳ ನಂತರ ಕವಿ ಸಿದ್ಧಲಿಂಗಯ್ಯನವರು ಅದೇ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದರು. ಅವರ ಆತ್ಮಕಥೆ 'ಊರು ಕೇರಿ' ಓದಿದವರಿಗೆ ಅಲ್ಲಿನ ಹಸಿವೂ ಗೊತ್ತು, ನಗುವೂ ಗೊತ್ತು.

ಹೆಣ್ಣುಮಕ್ಕಳನ್ನು ಈ ಏಳು ಮನೆಗಳೂ ನೋಡಲಿಲ್ಲ, ಆ ಮೊದಲ ಹಾಸ್ಟೆಲುಗಳೂ ನೋಡಲಿಲ್ಲ. ಮೈಸೂರಿನಲ್ಲಿ 1881ರಿಂದ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಇತ್ತು, ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ತಾತ ಬಿ.ಎ.ಗೆ ಓದುತ್ತಿದ್ದಾಗ ಅವರ ಇತಿಹಾಸದ ಟಿಪ್ಪಣಿಯನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದದ್ದು ಅಜ್ಜಿಯೇ, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿಕೊಂಡು. ಮದುವೆ ಆಗಿತ್ತಲ್ಲ, ಅಷ್ಟರಲ್ಲಿ. ಇಬ್ಬರಲ್ಲಿ ಯಾರ ತಲೆ ಚುರುಕು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಮುಂದೆ ಯುದ್ಧಕಾಲದಲ್ಲಿ ರೇಷನ್ ಬಂದಾಗ, ತಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ ವಾರದ ಹುಡುಗರಿಗೆ ಇನ್ನು ಬರಬೇಡಿ ಎಂದು ಹೇಳುವುದು ಅಜ್ಜಿಯ ಪಾಲಿಗೆ ಬಿದ್ದ ಕೆಲಸ. ಆ ರಾತ್ರಿ ತಾವೂ ಊಟ ಮಾಡಲಿಲ್ಲವಂತೆ.

ಸ್ವಾತಂತ್ರ್ಯ ಬಂದ ಮೇಲೆ ಜಗಳ ಕಚೇರಿಯಿಂದ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಬಂತು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಆ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟು ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ಅದನ್ನು ಹೊಡೆದುಹಾಕಿತು. ಮೀಸಲು ಅರ್ಧ ಮೀರಬಾರದು ಎಂಬ ಮಾತು ದೇಶಕ್ಕೆಲ್ಲ ಹೋದದ್ದು ನಮ್ಮ ಈ ಕೇಸಿನಿಂದ. ಅದರ ಬೆನ್ನಿಗೆ ಸರ್ಕಾರ ಮಾಡಿದ ಇನ್ನೊಂದು ಕೆಲಸವನ್ನು ಜನ ಮರೆತಿದ್ದಾರೆ. ಸೀಟು ಕೊಡುವಾಗ ಪರೀಕ್ಷೆಯ ಅಂಕದ ಜೊತೆ ಅದರ ಕಾಲು ಭಾಗದಷ್ಟು ಅಂಕವನ್ನು ಸಂದರ್ಶನಕ್ಕೆ ಇಟ್ಟಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟೋಟ. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಕೋರ್ಟು ಇದನ್ನು ಎತ್ತಿಹಿಡಿಯಿತು. ಎದುರಿಗೆ ಕೂತ ದೊಡ್ಡವರ ಮುಂದೆ ಹದಿನೇಳರ ಹುಡುಗ ಅಳುಕದೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಡಾಕ್ಟರ ಮಗನಿಗೆ ಅದು ದಿನನಿತ್ಯದ ಊಟದ ಮೇಜಿನ ಮಾತು. ವ್ಯಕ್ತಿತ್ವಕ್ಕೆ ಹಾಕುವ ಅಂಕದಷ್ಟು ಮನೆತನದ ಪರಿಚಯ ಮಾಡಿಕೊಡುವುದು ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ, ಕೋರ್ಟಿನ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ಇದೇ ಇಂಗ್ಲಿಷಿನ ಗೋಡೆಯನ್ನು ಅದಕ್ಕೆ ಮೊದಲೇ ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ 1956ರಿಂದ 1960ರ ಅವಧಿಯಲ್ಲಿ ಕನ್ನಡ ಮಾಧ್ಯಮದ ಮೂಲಕ ಒಂದಿಷ್ಟು ತಗ್ಗಿಸಿದರು. ಮಟ್ಟ ಕುಸಿಯಿತು ಎಂದವರು ಆಗಲೂ ಇದ್ದರು. ಆಮೇಲಿನ ಕಥೆ, ಹಿಂದುಳಿದ ವರ್ಗಗಳ ಬಗೆಗಿನ ಹಾವನೂರರ ಆಯೋಗ, 1975ರ ಅದರ ವರದಿ, ದುಡ್ಡು ಕೊಟ್ಟು ಸೀಟು ಕೊಳ್ಳುವ ಕ್ಯಾಪಿಟೇಷನ್ನಿನ ಕಾಲ, ಸಿಇಟಿ ಪ್ರವೇಶ ಪರೀಕ್ಷೆ, ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದ ಮೀಸಲು, ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಕೊನೆಯ ಕೆಲವು ವರ್ಷ ನಾನು ಪಾಠ ಮಾಡಿದ ಕಾಲೇಜಿನಲ್ಲಿ ಮೊದಲ ಟೆಸ್ಟಿನ ಅಂಕ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಅದೇ ಗೊಣಗಾಟ: ಹಳ್ಳಿ ಹುಡುಗರಿಗೆ ಮಟ್ಟವಿಲ್ಲ, ಸುಮ್ಮನೆ ಸೀಟು ಕೊಡುತ್ತಾರೆ. ನಾನು ಹಾಜರಿ ಪುಸ್ತಕ ತೆಗೆದು ಫೇಲಾದವರ ಹೆಸರಿನ ಮುಂದೆ ಅವರು ಎಲ್ಲಿರುತ್ತಾರೆ ಎಂದು ಬರೆಯುತ್ತಾ ಹೋದೆ. ಎಚ್.ಡಿ. ಕೋಟೆಯ ಬಸ್ಸು, ಟಿ. ನರಸೀಪುರದ ಬಸ್ಸು, ಅತ್ತೆಯ ಮನೆ, ಅಣ್ಣನ ಜೊತೆ ಗಾರೆ ಕೆಲಸದ ಶೆಡ್ಡು. ಎಲ್ಲರೂ ಹಾಸ್ಟೆಲಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು. ತರಗತಿ ಆರಂಭವಾಗಿ ತಿಂಗಳುಗಳು ಕಳೆದರೂ ಆಯ್ಕೆ ಪಟ್ಟಿ ಬಂದಿರುತ್ತಿರಲಿಲ್ಲ. ಪಟ್ಟಿ ಬಂದ ಮೇಲಿನ ಟೆಸ್ಟಿನಲ್ಲಿ ಅವರಲ್ಲಿ ಬಹಳಷ್ಟು ಮಂದಿ ಪಾಸಾದರು. ಕೆಲವರು ಅಷ್ಟರೊಳಗೆ ಕಾಲೇಜು ಬಿಟ್ಟಿದ್ದರು, ಅವರ ಹೆಸರಿನ ಮುಂದೆ ಗೆರೆ ಎಳೆಯಬೇಕಾಯಿತು. ಸೀಟಿನ ಪಟ್ಟಿ ಹಾಕುವ ದಿನವೇ ಹಾಸ್ಟೆಲಿನ ಪಟ್ಟಿಯನ್ನೂ ಅದೇ ಬೋರ್ಡಿನ ಮೇಲೆ ಹಾಕಿ ಎಂದು ಬರೆದುಕೊಟ್ಟೆ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇಲಾಖೆಯೇ ಬೇರೆ ಎಂದು ಹಿಂಬರಹ ಬಂತು.